ಟ್ಯೂಷನ್‌ಗೋಸ್ಕರ ಮಗನ ಆಟ ಬಿಡಿಸಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು: ಮಗನಿಗೆ ಒಂಬತ್ತು ವರ್ಷ. ತೂಕ ಜಾಸ್ತಿ ಇದೆ ಅಂತ ಡಾಕ್ಟರ್ ಹೇಳಿದ್ದಾರೆ. ಲೆಕ್ಕದಲ್ಲಿ ಹಿಂದೆ. ಸಂಜೆ ಒಂದು ಗಂಟೆ ಆಡಲು ಬಿಡುತ್ತಿದ್ದೆವು. ಈಗ ಅದೇ ಹೊತ್ತಿಗೆ ಟ್ಯೂಷನ್ ಹಾಕು ಅಂತ ಅತ್ತೆ, ಯಜಮಾನರು ಇಬ್ಬರೂ ಹೇಳುತ್ತಿದ್ದಾರೆ. ಏನು ಮಾಡಲಿ?

ಒಬ್ಬ ಪಿ.ಟಿ. ಮೇಷ್ಟ್ರು: ಆಟ ಬಿಡಿಸಬೇಡಿ ಅಮ್ಮಾ. ಅಮೆರಿಕದ ಜಾರ್ಜಿಯಾ ರಾಜ್ಯದ ಅಗಸ್ಟಾದಲ್ಲಿ ಕ್ಯಾಥರೀನ್ ಡೇವಿಸ್ ಎಂಬ ಸಂಶೋಧಕಿ ಮತ್ತು ಜೊತೆಯವರು ನಿಮ್ಮ ಪ್ರಶ್ನೆಗೆ ಹತ್ತಿರದ್ದನ್ನೇ ಪರೀಕ್ಷೆ ಮಾಡಿದ್ದಾರೆ. 2011ರಲ್ಲಿ ಪ್ರಕಟವಾಯಿತು. ತೂಕ ಜಾಸ್ತಿ ಇದ್ದ, ಆಟ ಓಟ ಇಲ್ಲದ 171 ಮಕ್ಕಳು, 7ರಿಂದ 11 ವರ್ಷದವರು. ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಶಾಲೆ ಬಿಟ್ಟ ಮೇಲೆ ದಿನಾ 20 ನಿಮಿಷ ಆಟ, ಇನ್ನೊಂದಕ್ಕೆ 40 ನಿಮಿಷ, ಮೂರನೆಯದಕ್ಕೆ ಏನೂ ಇಲ್ಲ. ಸುಮಾರು ಮೂರು ತಿಂಗಳು ನಡೆಯಿತು.

ಆಟ ಅಂದರೆ ಓಡಿ ಮುಟ್ಟುವುದು, ಹಗ್ಗ ಜಿಗಿಯುವುದು, ಬಾಲ್ ಆಟ. ನಮ್ಮ ಜೂಟಾಟದ ಥರದವೇ. ಎದೆಬಡಿತ ನಿಮಿಷಕ್ಕೆ 150 ದಾಟುವಷ್ಟು ಜೋರಾಗಿ ಆಡಿಸಿದರು. ಗೆದ್ದವರಿಗಲ್ಲ, ಚೆನ್ನಾಗಿ ಓಡಾಡಿದವರಿಗೆ ಬಹುಮಾನ. ಈ ಮಾತು ನನಗೆ ತುಂಬಾ ಹಿಡಿಸಿತು. ದಪ್ಪ ಇರುವ ಮಗು ಓಟದ ಪಂದ್ಯದಲ್ಲಿ ಯಾವಾಗಲೂ ಕೊನೆಗೇ ಬರುತ್ತದೆ. ಆಮೇಲೆ ಮೈದಾನದ ಕಡೆ ತಲೆ ಹಾಕುವುದಿಲ್ಲ.

ಕೊನೆಗೆ ನೋಡಿದರೆ, ಯೋಚಿಸಿ ಯೋಜನೆ ಮಾಡುವ ಶಕ್ತಿ ಆಡಿದ ಮಕ್ಕಳಲ್ಲಿ ಹೆಚ್ಚಿತ್ತು. ಲೆಕ್ಕವೂ ಸುಧಾರಿಸಿತ್ತು, ಅದೂ ಲೆಕ್ಕದ ಪಾಠ ಹೇಳಿಕೊಡದೆ! ಹೆಚ್ಚು ಹೊತ್ತು ಆಡಿದವರಿಗೆ ಹೆಚ್ಚು ಲಾಭ. ಓದುವುದರಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಕೆಲವು ಮಕ್ಕಳ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಹಣೆಯ ಹಿಂದಿನ ಭಾಗ ಮೊದಲಿಗಿಂತ ಚುರುಕಾಗಿ ಕೆಲಸ ಮಾಡುತ್ತಿತ್ತು.

ಒಂದು ಮಾತು. ಮೂರನೇ ಗುಂಪಿಗೆ ಏನನ್ನೂ ಕೊಟ್ಟಿರಲಿಲ್ಲ. ಹಾಗಾಗಿ ದೊಡ್ಡವರ ಗಮನ, ಗೆಳೆಯರ ಜೊತೆ, ಇವಕ್ಕೂ ಸ್ವಲ್ಪ ಪಾಲು ಇರಬಹುದು. ಆಡಿದರೆ ನೂರಕ್ಕೆ ನೂರು ಬರುತ್ತದೆ ಅಂತ ನಾನು ಹೇಳುವುದಿಲ್ಲ.

ಇಬ್ಬರು ಮಕ್ಕಳ ತಾಯಿ: ಅಕ್ಕಾ, ನಮ್ಮ ಮಗಳಿಗೆ ಹೀಗೇ ಆಗಿತ್ತು. ಟ್ಯೂಷನ್‌ಗೆ ಕಳಿಸಿ ಆಟ ನಿಲ್ಲಿಸಿದ್ದೆ. ಸಂಜೆ ಬಂದು ಪುಸ್ತಕದ ಮುಂದೆ ಸುಮ್ನೆ ಕೂತಿರುತ್ತಿದ್ದಳು, ಒಂದು ಲೆಕ್ಕಕ್ಕೆ ಅರ್ಧ ಗಂಟೆ. ಆಮೇಲೆ ಮೊದಲು ಆಟ, ಸ್ನಾನ, ತಿಂಡಿ, ನಂತರ ಲೆಕ್ಕ ಅಂತ ಮಾಡಿದೆವು. ನಾನೂ ಅವಳ ಜೊತೆ ಸ್ಕಿಪ್ಪಿಂಗ್ ಆಡಿದೆ. ಮೊದಲ ವಾರ ಐದೇ ನಿಮಿಷಕ್ಕೆ ಉಸಿರು ಕಟ್ಟುತ್ತಿತ್ತು, ಹತ್ತು ಎಣಿಸಿ ನಿಲ್ಲಿಸುತ್ತಿದ್ದೆವು. ತಿಂಗಳಲ್ಲಿ ತಾನೇ ಹಗ್ಗ ಹುಡುಕಿಕೊಂಡು ಬಂದಳು. ತೂಕ ಅಷ್ಟೇನೂ ಇಳಿಯಲಿಲ್ಲ. ಆದರೆ ಕೂತು ಲೆಕ್ಕ ಮುಗಿಸುವುದು ಕಲಿತಳು. ಮಗುವಿನ ಮುಂದೆ ತೂಕದ ಮಾತು ಎತ್ತಬೇಡಿ, ದಯವಿಟ್ಟು. ನಮ್ಮ ನೆಂಟರು ಆಡಿದ ಒಂದು ಮಾತಿಗೆ ಅವಳು ಎರಡು ವಾರ ಆಡಲು ಹೊರಗೇ ಹೋಗಲಿಲ್ಲ.

ಇನ್ನೊಬ್ಬರು: ಉಬ್ಬಸ, ಮಂಡಿ ನೋವು ಏನಾದರೂ ಇದ್ದರೆ ಡಾಕ್ಟರನ್ನು ಕೇಳಿಯೇ ಜೋರಾಟ ಶುರುಮಾಡಿ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅತ್ತೆಯವರಿಗೆ ಇದನ್ನೂ ತೋರಿಸಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಯಜಮಾನರಿಗೆ ಓದಿ ಹೇಳಿದೆ. ಆರೂವರೆ ಬ್ಯಾಚ್ ಇದೆಯಾ ಅಂತ ಟ್ಯೂಷನ್ ಮೇಡಂಗೆ ಫೋನ್ ಮಾಡಿದ್ದಾರೆ. ಐದು ಗಂಟೆಗೆ ಲಗೋರಿ, ಅವರೂ ಬರುತ್ತಾರಂತೆ.