ಅಪ್‌ಡೇಟ್: ಮಿಗ್-21ಕ್ಕೆ ಕೊನೆಗೂ ಲೋಹದ ಹೊಳಪು ಬಂತು

1:72 (ಅಸಲಿಗಿಂತ 72 ಪಟ್ಟು ಚಿಕ್ಕ) ಮಿಗ್-21 ಯುದ್ಧವಿಮಾನದ ಮಾಡೆಲ್‌ಗೆ ಸಿಲ್ವರ್ ಬಣ್ಣ ಹೊಡೆದರೆ ತಗಡಿನ ಟ್ರಂಕ್ ಥರ ಕಾಣುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಅಡಿಗೆ ಮೊದಲು ಗ್ಲಾಸಿ ಬ್ಲ್ಯಾಕ್ (ಹೊಳೆಯುವ ಕಪ್ಪು) ಹೊಡಿ ಅಂದ ಅಣ್ಣನಿಗೆ ದೊಡ್ಡ ಥ್ಯಾಂಕ್ಸ್!

ಮೊದಲು 2000 ನಂಬರ್ ವಾಟರ್ ಪೇಪರ್‌ನಲ್ಲಿ ಉಜ್ಜಿದೆ. ಆಮೇಲೆ ಕಪ್ಪು ಹೊಡೆದು, ಅದು ಪೂರ್ತಿ ಒಣಗಿದ ಮೇಲೆ ಆಲ್‌ಕ್ಲಾಡ್ ಅನ್ನೋ ಲೋಹದ ಹೊಳಪಿನ ಬಣ್ಣ. ಏರ್‌ಬ್ರಷ್‌ಗೆ (ಗಾಳಿಯಿಂದ ಬಣ್ಣ ಸಿಂಪಡಿಸುವ ಪುಟ್ಟ ಗನ್) 12-15 ಪಿಎಸ್‌ಐ ಗಾಳಿ ಒತ್ತಡ ಸಾಕು. ತೆಳ್ಳಗೆ ಹೊಡೆಯುತ್ತಾ ಹೋಗಿ, ಹೊಳಪು ಬಂತು ಅನ್ನಿಸಿದ ಕೂಡಲೇ ನಿಲ್ಲಿಸಬೇಕು. ಜಾಸ್ತಿ ಆದರೆ ಮತ್ತೆ ಅದೇ ಬೂದು ಬಣ್ಣ.

ಆಮೇಲೆ ಮಾಸ್ಕಿಂಗ್ ಟೇಪನ್ನು ಅಂಗೈಗೆ ಒತ್ತಿ ಅಂಟು ಕಮ್ಮಿ ಮಾಡಿಕೊಂಡು, ಉಳಿದ ಜಾಗ ಮುಚ್ಚಿ, ಕೆಲವು ಪ್ಯಾನೆಲ್‌ಗಷ್ಟೇ ಡಾರ್ಕ್ ಅಲ್ಯೂಮಿನಿಯಂ ಕೊಟ್ಟೆ. ಎಕ್ಸಾಸ್ಟ್ ಹತ್ತಿರ ಸುಟ್ಟ ಲೋಹದ ಬಣ್ಣ. ಆಗಲೇ ಅದು ವಿಮಾನ ಆಗಿದ್ದು!

ದಾವಣಗೆರೆ ಧೂಳು ಗೊತ್ತಲ್ವಾ? ನೆಲಕ್ಕೆ ನೀರು ಚಿಮುಕಿಸಿ, ಮಾಡೆಲ್ ಮೇಲೆ ಡಬ್ಬ ಬೋರಲು ಹಾಕಿದೆ. ವಾಸನೆ ಮಾತ್ರ ವಿಪರೀತ, ಮಾಸ್ಕ್ ಬೇಕೇ ಬೇಕು. ಡೆಕಲ್ (ಗುರುತು, ನಂಬರ್‌ಗಳ ಸ್ಟಿಕ್ಕರ್) ಇನ್ನೂ ಬಾಕಿ.