ಎಲ್ಗರ್ ಅವರ ಮೊದಲ ಸಿಂಫನಿ ಲಂಡನ್ ಬಿಟ್ಟು ಮ್ಯಾಂಚೆಸ್ಟರ್‌ನಲ್ಲಿ ಯಾಕೆ ಶುರುವಾಯಿತು?

ಪಿಟೀಲುಪ್ರಿಯ:
ಎರಡು ವಾರದಿಂದ ಇಂಗ್ಲಿಷ್ ಸಂಯೋಜಕ ಎಲ್ಗರ್ ಅವರ ಮೊದಲ ಸಿಂಫನಿ ಕೇಳುತ್ತಿದ್ದೇನೆ. ಮೂರನೇ ಭಾಗ ಬಂದಾಗ ಕೈಯಲ್ಲಿರೋ ಕೆಲಸ ಬಿಟ್ಟು ಸುಮ್ನೆ ಕೂತುಬಿಡುತ್ತೇನೆ. ಇದನ್ನು ಮೊದಲು ನುಡಿಸಿದ್ದು 1908ರ ಡಿಸೆಂಬರ್ 3ರಂದು, ಮ್ಯಾಂಚೆಸ್ಟರ್‌ನ ಹಾಲೆ ಆರ್ಕೆಸ್ಟ್ರಾ. ಲಂಡನ್‌ನವರು ಕೇಳಿದ್ದು ನಾಲ್ಕು ದಿನ ಬಿಟ್ಟು. ಮ್ಯಾಂಚೆಸ್ಟರ್‌ನಲ್ಲಿ ಅರಮನೆ ಇರಲಿಲ್ಲ, ಆಸ್ಥಾನ ಇರಲಿಲ್ಲ, ಇದ್ದದ್ದು ಹತ್ತಿ ಗಿರಣಿಗಳು. ಅಂಥ ಊರಿಗೆ ಇಷ್ಟು ದೊಡ್ಡ ವಾದ್ಯವೃಂದ ಬಂದದ್ದು ಹೇಗೆ? ಇಷ್ಟು ವರ್ಷ ಉಳಿದದ್ದು ಹೇಗೆ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಮಂದ್ರ:
ಒಳ್ಳೆ ಪ್ರಶ್ನೆ. ಗಿರಣಿಗಳಿದ್ದದ್ದರಿಂದಲೇ ಬಂತು ಅನ್ನಬೇಕು. ಹತ್ತಿ ವ್ಯಾಪಾರಕ್ಕೆ ಜರ್ಮನ್ ವರ್ತಕರು ತುಂಬಾ ಜನ ಮ್ಯಾಂಚೆಸ್ಟರ್‌ಗೆ ಬಂದು ನೆಲೆಸಿದ್ದರು, ಅವರಿಗೆ ಸಂಗೀತ ಇಲ್ಲದೆ ಆಗುತ್ತಿರಲಿಲ್ಲ. ಚಾರ್ಲ್ಸ್ ಹಾಲೆ ಕೂಡ ಹುಟ್ಟಿದ್ದು ಜರ್ಮನಿಯಲ್ಲೇ, 1819ರಲ್ಲಿ. ಪ್ಯಾರಿಸ್‌ನಲ್ಲಿ ಪಿಯಾನೊ ವಾದಕರಾಗಿ ಹೆಸರು ಮಾಡಿದ್ದರು, ಶೋಪಾನ್, ಬೆರ್ಲಿಯೋಜ್‌ರಂಥ ಸಂಯೋಜಕರೆಲ್ಲ ಪರಿಚಯ. 1848ರ ಕ್ರಾಂತಿಯಲ್ಲಿ ಅಲ್ಲಿನ ಬದುಕು ಕೆಟ್ಟು ಇಂಗ್ಲೆಂಡಿಗೆ ಬಂದರು.

1857ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಒಂದು ಭಾರಿ ಕಲಾ ಪ್ರದರ್ಶನ ನಡೆಯಿತು. ಅದಕ್ಕಾಗಿ ಹಾಲೆ ಅವರು ವಾದಕರನ್ನು ಕೂಡಿಸಿ ತಿಂಗಳುಗಟ್ಟಲೆ ನುಡಿಸಿದರು. ಪ್ರದರ್ಶನ ಮುಗಿಯಿತು, ಇನ್ನು ಇವರೆಲ್ಲ ಚೆದುರಿ ಹೋಗುತ್ತಾರಲ್ಲ ಎಂಬ ಸಂಕಟ ಅವರಿಗೆ. ಹಾಗಾಗಿ ನಷ್ಟವಾದರೆ ನನಗೇ ಆಗಲಿ ಎಂದು 1858ರ ಜನವರಿ 30ರಂದು ಫ್ರೀ ಟ್ರೇಡ್ ಹಾಲ್‌ನಲ್ಲಿ ತಾವೇ ಕಚೇರಿ ಸರಣಿ ಶುರುಮಾಡಿದರು. ಮೊದಲ ವರ್ಷ 30 ಕಚೇರಿ. ಎಲ್ಲ ಲೆಕ್ಕ ಹಾಕಿದ ಮೇಲೆ ಕೈಗೆ ಬಂದ ಲಾಭ ಮೂರು ಪೆನ್ನಿಯ ಹತ್ತು ನಾಣ್ಯ, ಅಂದರೆ ಕಚೇರಿಗೆ ಒಂದೇ ಒಂದು ಪೆನ್ನಿ! ಆಗ ಒಂದು ಪೌಂಡಿಗೆ 240 ಪೆನ್ನಿ. ಇದನ್ನು ಅವರೇ ಬರೆದುಕೊಂಡಿದ್ದಾರೆ. ಅಷ್ಟಾದರೂ ಬಿಡಲಿಲ್ಲ ನೋಡಿ, 1895ರಲ್ಲಿ ತೀರಿಹೋಗುವ ತನಕ ನಡೆಸಿದರು. ಅವರ ನಂತರ ಊರಿನ ವರ್ತಕರು ಖರ್ಚಿಗೆ ಜಾಮೀನು ನಿಂತರು. ಆ ಬಲದ ಮೇಲೆಯೇ 1899ರಲ್ಲಿ ಹ್ಯಾನ್ಸ್ ರಿಕ್ಟರ್ ಬಂದದ್ದು, ವಾಗ್ನರ್ ಅವರ ‘ರಿಂಗ್’ ಎಂಬ ನಾಲ್ಕು ಒಪೆರಾಗಳ ಸರಣಿಯನ್ನು 1876ರಲ್ಲಿ ಮೊದಲ ಸಲ ಪೂರ್ತಿ ನಡೆಸಿದ ಕಂಡಕ್ಟರ್ (ವಾದ್ಯವೃಂದವನ್ನು ಮುನ್ನಡೆಸುವವರು). ಎಲ್ಗರ್ ಆ ಸಿಂಫನಿಯನ್ನು ಅರ್ಪಿಸಿದ್ದು ಅವರಿಗೇ. ಹಾಗಾಗಿ ಮ್ಯಾಂಚೆಸ್ಟರ್‌ನಲ್ಲಿ ಶುರುವಾದದ್ದರಲ್ಲಿ ಆಶ್ಚರ್ಯವಿಲ್ಲ.

ಸಂಜೆರಾಗ:
ಮಂದ್ರ ಅವರು ಹುಟ್ಟಿದ ಕಥೆ ಹೇಳಿದರು, ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾದದ್ದು ಸಾಯದೆ ಉಳಿದ ಕಥೆ. 1940ರ ಡಿಸೆಂಬರ್‌ನಲ್ಲಿ ಬಾಂಬ್ ಬಿದ್ದು ಫ್ರೀ ಟ್ರೇಡ್ ಹಾಲ್ ಸುಟ್ಟುಹೋಯಿತು. ಅದರ ಮೇಲೆ ಇನ್ನೊಂದು ತೊಂದರೆ. ಹಾಲೆಯಲ್ಲಿದ್ದ ಬಹಳಷ್ಟು ವಾದಕರು ಬಿಬಿಸಿಯ ಉತ್ತರ ಭಾಗದ ಆರ್ಕೆಸ್ಟ್ರಾದಲ್ಲೂ ನುಡಿಸುತ್ತಿದ್ದರು. 1943ರಲ್ಲಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದಾಗ ಹೆಚ್ಚಿನವರು ಬಿಬಿಸಿ ಕಡೆ ಹೋದರು. ತಪ್ಪು ಅನ್ನಲಾರೆ, ಯುದ್ಧದ ಕಾಲ, ಅಲ್ಲಿ ಸಂಬಳ ಖಾಯಂ.

ಆಗಲೇ ಕಂಡಕ್ಟರ್ ಜಾನ್ ಬಾರ್ಬಿರೋಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಬಿಟ್ಟು ಇಲ್ಲಿಗೆ ಬಂದರು. ಬಂದು ನೋಡಿದರೆ ಉಳಿದವರು ಇಪ್ಪತ್ತು ಚಿಲ್ಲರೆ ಜನ, ಬೇಕಾದ್ದು ಸುಮಾರು 70. ಗಟ್ಟಿಮುಟ್ಟಾದ ಗಂಡಸರೆಲ್ಲ ಸೈನ್ಯದಲ್ಲಿ. ಹೆಂಗಸರು, ಎಳೆ ಹುಡುಗರು, ಯಾರಿಗೆ ಕೈಯಲ್ಲಿ ಕಲೆ ಇತ್ತೋ ಅವರನ್ನೆಲ್ಲ ಕೇಳಿ, ಆರಿಸಿ, ದಿನವಿಡೀ ಅಭ್ಯಾಸ ಮಾಡಿಸಿ ಒಂದೇ ತಿಂಗಳಲ್ಲಿ ಆರ್ಕೆಸ್ಟ್ರಾ ಕಟ್ಟಿದರು, ಜುಲೈನಲ್ಲಿ ಬ್ರಾಡ್‌ಫರ್ಡ್‌ನಲ್ಲಿ ಮೊದಲ ಕಚೇರಿ ಆಗಿಯೇಹೋಯಿತು. ಸ್ವಂತ ಸಭಾಂಗಣ ಇಲ್ಲದೆ ಎಂಟು ವರ್ಷ ಕಳೆದರು. ಬೆಲ್ ವ್ಯೂ ಎಂಬಲ್ಲಿ ಸರ್ಕಸ್ ನಡೆಯುತ್ತಿದ್ದ ಕಿಂಗ್ಸ್ ಹಾಲ್‌ನಲ್ಲಿ ಬೇಥೋವನ್ ನುಡಿಸಿದ್ದಾರೆ, ಸಾವಿರಾರು ಜನ ಕೇಳಿದ್ದಾರೆ. ಫ್ರೀ ಟ್ರೇಡ್ ಹಾಲ್ ಮತ್ತೆ ತೆರೆದದ್ದು 1951ರಲ್ಲಿ.

ತಾಳತಪ್ಪದವ:
ವರ್ತಕರ ಜಾಮೀನು ಎಲ್ಲ ಕಡೆ ಸಿಗುವುದಿಲ್ಲ, ಅದನ್ನೂ ಹೇಳಬೇಕು. ಬೋರ್ನ್‌ಮತ್ ಕಡಲತೀರದ ಊರು, ಅಲ್ಲಿ 1893ರಲ್ಲಿ ಡ್ಯಾನ್ ಗಾಡ್‌ಫ್ರಿ ಸುಮಾರು 30 ಜನರ ತಂಡ ಕಟ್ಟಿದಾಗ ಹಿಂದೆ ನಿಂತದ್ದು ಪುರಸಭೆ. ಬರ್ಮಿಂಗ್‌ಹ್ಯಾಮ್‌ನಲ್ಲೂ 1920ರಲ್ಲಿ ನಗರಸಭೆಯೇ ಅಲ್ಲಿನ ಆರ್ಕೆಸ್ಟ್ರಾಗೆ ವರ್ಷಕ್ಕೆ 1,250 ಪೌಂಡ್ ಕೊಟ್ಟಿತು. 1980ರಲ್ಲಿ ಅದರ ಕಂಡಕ್ಟರ್ ಆಗಿ 25 ವರ್ಷದ ಸೈಮನ್ ರ‍್ಯಾಟಲ್ ಬಂದು 18 ವರ್ಷ ನಿಂತರು, 1991ರಲ್ಲಿ ಸಿಂಫನಿ ಹಾಲ್ ಎದ್ದಿತು. ಅದೇ ನಗರಸಭೆ 2023ರಲ್ಲಿ ದಿವಾಳಿ ಸ್ಥಿತಿಗೆ ಬಂತು, ಮರುವರ್ಷ ಆರ್ಕೆಸ್ಟ್ರಾದ ಹಣ ಪೂರ್ತಿ ನಿಲ್ಲಿಸಲು ತೀರ್ಮಾನಿಸಿತು. ನೂರು ವರ್ಷದ ನಂಟು ಅದು, ಓದಿದಾಗ ಹೊಟ್ಟೆ ಉರಿಯಿತು.

ಪಿಟೀಲುಪ್ರಿಯ:
ಕಚೇರಿಗೆ ಒಂದು ಪೆನ್ನಿ ಅನ್ನುವುದು ತಲೆಯಿಂದ ಹೋಗುತ್ತಲೇ ಇಲ್ಲ. ಎಲ್ಲರಿಗೂ ವಂದನೆಗಳು. ಸಂಜೆರಾಗ ಅವರೇ, ಬಾರ್ಬಿರೋಲಿ ಹಾಲೆ ಜೊತೆ ನುಡಿಸಿದ ಈ ಸಿಂಫನಿ ಸಿಗುತ್ತದೆಯೇ?

ಸಂಜೆರಾಗ:
ಎರಡು ಸಿಗುತ್ತವೆ. 1956ರ ಸ್ಟುಡಿಯೊ ಧ್ವನಿಮುದ್ರಣ ಒಂದು. ಇನ್ನೊಂದು 1970ರ ಜುಲೈ 24ರಂದು ಕಿಂಗ್ಸ್ ಲಿನ್‌ನ ಚರ್ಚಿನಲ್ಲಿ ಜನರ ಮುಂದೆ ನುಡಿಸಿದ್ದು. ಮೊದಲು ಎರಡನೆಯದನ್ನು ಕೇಳಿ, ಮೂರನೇ ಭಾಗವನ್ನು ಅವರು ಎಷ್ಟು ನಿಧಾನವಾಗಿ ಬಿಟ್ಟುಕೊಡುತ್ತಾರೆ ಅಂತ ಗಮನಿಸಿ. ಐದು ದಿನ ಬಿಟ್ಟು, 29ರಂದು, ಅವರು ತೀರಿಹೋದರು.