ಅಂಚೆಯಲ್ಲಿ ಬಂದ ಫುಟ್‌ಬಾಲ್ ಕಾರ್ಡಿನ ಸಹಿ ಹನಿಹನಿಯಾಗಿ ಒಡೆದಿದೆ, ಎಲ್ಲಿ ತಪ್ಪಾಯಿತು?

ಈರಿ_ದಂಡೆ:

ಎಲ್ಲರಿಗೂ ನಮಸ್ಕಾರ. ನಾವು ಕ್ಲೀವ್‌ಲ್ಯಾಂಡ್ ಹತ್ತಿರ ಇದ್ದೇವೆ. ಮಗನಿಗೆ ಹನ್ನೊಂದು ವರ್ಷ. ಪಕ್ಕದ ಮನೆಯ ತಾತ ಮನೆ ಖಾಲಿ ಮಾಡುವಾಗ ಒಂದು ಶೂ ಡಬ್ಬಿ ತುಂಬ ಆಟಗಾರರ ಚಿತ್ರವಿರುವ ಅಮೆರಿಕನ್ ಫುಟ್‌ಬಾಲ್ ಕಾರ್ಡು ಕೊಟ್ಟು ಹೋದರು. ಜಾಸ್ತಿ ಇರುವುದು 1989ರಿಂದ 1992ರವರೆಗಿನವು. ನಿವೃತ್ತ ಆಟಗಾರರಿಗೆ ಕಾರ್ಡು ಕಳಿಸಿದರೆ ಎಷ್ಟೋ ಜನ ಸಹಿ ಹಾಕಿ ವಾಪಸ್ ಕಳಿಸುತ್ತಾರೆ ಎಂದು ಹೇಳಿಕೊಟ್ಟವರೂ ಅವರೇ. ಅವತ್ತಿನಿಂದ ಹುಡುಗ ಸ್ಕೂಲಿನಿಂದ ಬಂದವನೇ ಮೊದಲು ಪೋಸ್ಟ್ ಡಬ್ಬಿ ತೆಗೆದು ನೋಡುತ್ತಾನೆ.

ಒಂಬತ್ತು ಕವರ್ ಕಳಿಸಿದ್ದೇವೆ. ಮೂರು ಸಹಿಯಾಗಿ ಬಂದವು. ಒಂದು ಹಳದಿ ಚೀಟಿ ಅಂಟಿಸಿಕೊಂಡು ಹಾಗೇ ವಾಪಸ್ ಬಂತು. ಉಳಿದ ಐದು ಏನಾದವೋ ಗೊತ್ತಿಲ್ಲ, ಕಳಿಸಿ ಐದು ತಿಂಗಳಾಯಿತು.

ಬಂದ ಮೂರರಲ್ಲಿ ಸರಿಯಾಗಿರುವುದು ಒಂದೇ. 1991ರ ‘ಸ್ಟೇಡಿಯಂ ಕ್ಲಬ್’ ಎಂಬ ಸರಣಿಯ ಕಾರ್ಡಿನ ಮೇಲೆ ಇಂಕು ನಿಂತೇ ಇಲ್ಲ. ಕೆಸುವಿನ ಎಲೆ ಮೇಲೆ ನೀರು ಬಿದ್ದ ಹಾಗೆ ಗೆರೆಯೆಲ್ಲ ಸಣ್ಣ ಸಣ್ಣ ಹನಿಯಾಗಿ ಒಡೆದು ಒಣಗಿದೆ. ಇನ್ನೊಂದರ ಸಹಿ ಚೆನ್ನಾಗಿದೆ, ಆದರೆ ಕಾರ್ಡಿನ ನಟ್ಟನಡುವೆ ಮಡಿಕೆ ಬಿದ್ದಿದೆ. ಮುಂದಿನ ಸಲ ಗಟ್ಟಿ ಪ್ಲಾಸ್ಟಿಕ್ ಟಾಪ್‌ಲೋಡರಿನಲ್ಲಿ ಇಟ್ಟು ಕಳಿಸಲಾ? ಹನಿ ಒಡೆದ ಸಹಿಯ ಮೇಲೆ ಅದೇ ಬಣ್ಣದ ಪೆನ್ನಿನಿಂದ ನಿಧಾನವಾಗಿ ತೀಡಿದರೆ ಆಗುತ್ತದಾ? ಮಗ ತುಂಬ ಬೇಜಾರು ಮಾಡಿಕೊಂಡಿದ್ದಾನೆ.

ಲಕೋಟೆ:

ಮೊದಲು ಆ ಕೊನೇ ಪ್ರಶ್ನೆಗೆ ಉತ್ತರ. ದಯವಿಟ್ಟು ತೀಡಬೇಡಿ. ತೀಡಿದರೆ ಅದು ಆ ಆಟಗಾರನ ಸಹಿ ಆಗಿ ಉಳಿಯುವುದಿಲ್ಲ. ಒಡೆದ ಇಂಕು ಕಾರ್ಡಿನೊಳಗೆ ಇಳಿದಿರುವುದಿಲ್ಲ, ಮೇಲೆ ಕೂತಿರುತ್ತದೆ ಅಷ್ಟೇ. ಬೆರಳು ತಾಗಿದರೂ ಏಳಬಹುದು. ಮೈಗೆ ಉಜ್ಜುವ ಸ್ಲೀವಿನಲ್ಲಿ ತೂರಿಸಬೇಡಿ. ಅಂಚನ್ನು ಮಾತ್ರ ಹಿಡಿಯುವ ಮ್ಯಾಗ್ನೆಟ್ ಹೋಲ್ಡರ್ ಸಿಗುತ್ತದೆ, ಅದರಲ್ಲಿ ಇಡಿ. ಬಿಸಿಲು ಬೀಳುವ ಕಡೆ ಬೇಡ, ಶಾರ್ಪಿ ಮಾರ್ಕರ್ ಪೆನ್ನಿನ ಇಂಕು ಬಿಸಿಲಿಗೆ ಮಾಸುತ್ತದೆ.

ತಪ್ಪು ಕಾರ್ಡಿನ ಮೈಯಲ್ಲಿದೆ, ನಿಮ್ಮದಲ್ಲ. 1991ರಲ್ಲೇ ಟಾಪ್ಸ್ ಕಂಪನಿಯ ಸ್ಟೇಡಿಯಂ ಕ್ಲಬ್ ಬಂತು, ಅದೇ ವರ್ಷ ಅಪ್ಪರ್ ಡೆಕ್ ಕೂಡ ಫುಟ್‌ಬಾಲ್ ಕಾರ್ಡು ಶುರು ಮಾಡಿತು. ಎರಡೂ ಕನ್ನಡಿಯ ಹಾಗೆ ಹೊಳೆಯುತ್ತವೆ. ಆ ಹೊಳಪಿನ ಲೇಪ ಇಂಕನ್ನು ಹೀರಿಕೊಳ್ಳುವುದಿಲ್ಲ. ಡಬ್ಬಿಯಲ್ಲಿ 1970ರ ದಶಕದ ಟಾಪ್ಸ್ ಕಾರ್ಡೇನಾದರೂ ಇದ್ದರೆ ಮುಟ್ಟಿ ನೋಡಿ, ಹಳೇ ಪೋಸ್ಟ್ ಕಾರ್ಡಿನ ಹಾಗೆ ಒರಟಾಗಿರುತ್ತದೆ. ಅದರ ಮೇಲೆ ಸಹಿ ಕೂರುವ ಚಂದವೇ ಬೇರೆ.

ಹೊಳಪಿನ ಕಾರ್ಡನ್ನೇ ಕಳಿಸಬೇಕೆಂದರೆ ಹೀಗೆ ಮಾಡಿ. ಟೇಬಲ್ ಮೇಲೆ ಶುಭ್ರ ಬಟ್ಟೆ ಹಾಸಿ ಕಾರ್ಡು ಇಡಿ. ಚಿಟಿಕೆ ಬೇಬಿ ಪೌಡರ್ ಉದುರಿಸಿ, ಹತ್ತಿಯಿಂದ ಸಹಿ ಬರುವ ಜಾಗದಲ್ಲಿ ಹಗುರವಾಗಿ ಸುತ್ತುಸುತ್ತಾಗಿ ಉಜ್ಜಿ. ಅರ್ಧ ನಿಮಿಷ ಸಾಕು. ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಕಾರ್ಡನ್ನು ಟ್ಯೂಬ್ ಲೈಟಿಗೆ ಓರೆಯಾಗಿ ಹಿಡಿದರೆ ಉಜ್ಜಿದ ಜಾಗದ ಹೊಳಪು ಒಂದು ಚೂರು ಮಂಕಾಗಿ ಕಾಣಬೇಕು. ಬಿಳಿ ಪುಡಿ ಕಂಡರೆ ಇನ್ನೊಮ್ಮೆ ಒರೆಸಿ, ಇಲ್ಲದಿದ್ದರೆ ಪೆನ್ನಿನ ಮೂತಿ ಕಟ್ಟಿಕೊಳ್ಳುತ್ತದೆ. ಕೆಲವರು ರಬ್ಬರಿನಿಂದ ಉಜ್ಜುತ್ತಾರೆ. ನನಗೆ ಅದು ಇಷ್ಟವಿಲ್ಲ, ಗೀರು ಬೀಳುತ್ತದೆ. ಬೆಲೆಯಿಲ್ಲದ ಒಂದು ಕಾರ್ಡಿನ ಮೇಲೆ ಮೊದಲು ನೀವೇ ಸಹಿ ಹಾಕಿ ನೋಡಿಕೊಳ್ಳಿ.

ಪತ್ರದ ಕೊನೆಯಲ್ಲಿ ‘ಸಾಧ್ಯವಾದರೆ ನೀಲಿ ಶಾರ್ಪಿಯಲ್ಲಿ’ ಎಂದು ಒಂದು ಸಾಲು ಸೇರಿಸಿ. ಹೇಳದಿದ್ದರೆ ಕೈಗೆ ಸಿಕ್ಕ ಬಾಲ್ ಪೆನ್ನಿನಲ್ಲೇ ಹಾಕುತ್ತಾರೆ. ಹೊಳಪಿನ ಕಾರ್ಡಿನಲ್ಲಿ ಬಾಲ್ ಪೆನ್ನು ಜಾರುತ್ತದೆ, ಗುಂಡಿ ಬೀಳಿಸುತ್ತದೆ. ಕವರಿನೊಳಗೆ ಪೆನ್ನು ಮಾತ್ರ ಹಾಕಬೇಡಿ. ಮಷೀನಿನಲ್ಲಿ ಕವರ್ ಹರಿದುಹೋಗುತ್ತದೆ.

ಸ್ಟೀಲ್_ಊರು:

ಮಡಿಕೆ ಬಿದ್ದ ಕಾರ್ಡಿನ ಬಗ್ಗೆ ನಾನು ಹೇಳುತ್ತೇನೆ, ನನಗೂ ನಾಲ್ಕೈದು ಹಾಳಾಗಿವೆ.

ಟಾಪ್‌ಲೋಡರ್ ಬೇಡ ಸರ್. ಇಲ್ಲಿನ ಅಂಚೆಯಲ್ಲಿ ಕವರ್ ಬಾಗದಿದ್ದರೆ, ದಪ್ಪ ಒಂದೇ ಸಮ ಇಲ್ಲದಿದ್ದರೆ ಅದಕ್ಕೆ ಬೇರೆ ಶುಲ್ಕ ಇದೆ. ಅದನ್ನು ಕಟ್ಟದೆ ಕಳಿಸಿದರೆ ಆಟಗಾರನ ಮನೆ ಬಾಗಿಲಲ್ಲಿ ಬಾಕಿ ದುಡ್ಡು ಕೇಳುವ ಸಂಭವ ಇರುತ್ತದೆ. ಎಪ್ಪತ್ತು ವರ್ಷದ ಹಿರಿಯರಿಗೆ ನಮ್ಮಿಂದ ಆ ತೊಂದರೆ ಆಗಬಾರದು ಅಲ್ವಾ. ‘ಬಗ್ಗಿಸಬೇಡಿ’ ಎಂದು ಕವರ್ ಮೇಲೆ ಬರೆದರೂ ಪ್ರಯೋಜನವಿಲ್ಲ. ಮಷೀನಿಗೆ ಓದಲು ಬರುವುದಿಲ್ಲ.

ನಾನು ಮಾಡುವುದು ಇಷ್ಟು. ಕಾರ್ಡಿನ ಅಳತೆ ಎರಡೂವರೆ ಇಂಚು, ಮೂರೂವರೆ ಇಂಚು. ಅದಕ್ಕಿಂತ ಎಲ್ಲ ಕಡೆ ಕಾಲು ಇಂಚು ದೊಡ್ಡದಾಗಿ, ಬೆಳಗಿನ ಸೀರಿಯಲ್ ಡಬ್ಬಿಯ ತೆಳು ರಟ್ಟಿನಿಂದ ಎರಡು ತುಂಡು ಕತ್ತರಿಸುತ್ತೇನೆ. ಕಾರ್ಡನ್ನು ಪೆನ್ನಿ ಸ್ಲೀವ್ ಎಂಬ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ರಟ್ಟುಗಳ ನಡುವೆ ಇಟ್ಟು, ಗೋಡೆಗೆ ಬಣ್ಣ ಹೊಡೆಯುವವರ ನೀಲಿ ಟೇಪಿನಿಂದ ಒಂದೇ ಕಡೆ ಅಂಟಿಸುತ್ತೇನೆ. ಆ ಟೇಪು ಎಳೆದ ತಕ್ಷಣ ಬಿಡುತ್ತದೆ. ತುದಿಯನ್ನು ಒಂದು ಚೂರು ಮಡಚಿ ಬಿಟ್ಟಿರುತ್ತೇನೆ, ಹಿಡಿದು ಎಳೆಯಲು ಸುಲಭ. ಬೆರಳು ಮುರಿದುಕೊಂಡು ಆಡಿದವರು ಅವರು. ಈಗ ಸಂಧಿವಾತವೂ ಇರುತ್ತದೆ. ಬ್ರೌನ್ ಟೇಪು ಸುತ್ತಿ ಕಳಿಸಿದರೆ ಬಿಚ್ಚುವುದು ಹೇಗೆ?

ವಾಪಸ್ ಬರುವ ಕವರ್ ಮಡಚದೆ ಒಳಗೆ ಹೋಗಬೇಕು. ಹತ್ತನೇ ನಂಬರಿನ ಕವರಿನೊಳಗೆ ಒಂಬತ್ತನೇ ನಂಬರಿನದು ಸರಿಯಾಗಿ ಕೂರುತ್ತದೆ. ಅದರ ಮೇಲೆ ನಿಮ್ಮ ವಿಳಾಸ ಬರೆದು ಸ್ಟಾಂಪ್ ಹಚ್ಚಿಡಿ. ಫಾರೆವರ್ ಸ್ಟಾಂಪನ್ನೇ ಹಚ್ಚಿ. ಎರಡು ವರ್ಷ ಬಿಟ್ಟು ಉತ್ತರ ಬಂದರೂ, ಅಷ್ಟರಲ್ಲಿ ಅಂಚೆ ದರ ಏರಿದ್ದರೂ ಅದು ನಡೆಯುತ್ತದೆ.

ಎಲ್ಲ ತುಂಬಿದ ಮೇಲೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ಒಂದು ಸ್ಟಾಂಪಿಗೆ ಒಂದು ಔನ್ಸ್, ಅಂದರೆ 28 ಗ್ರಾಂ ಮಾತ್ರ. ಎರಡು ಕಾರ್ಡು, ಎರಡು ರಟ್ಟು, ಒಂದು ಹಾಳೆ ಪತ್ರ, ಒಳಗಿನ ಕವರ್ ಸೇರಿದರೆ ಅದರ ಹತ್ತಿರಕ್ಕೆ ಬಂದುಬಿಡುತ್ತದೆ. ನೀವು ಎಷ್ಟು ಕಾರ್ಡು ಹಾಕಿದ್ದಿರಿ?

ಈರಿ_ದಂಡೆ:

ಐದೈದು ಹಾಕಿದ್ದೆವು. ತೂಕ ನೋಡಿರಲಿಲ್ಲ. ಪತ್ರವನ್ನು ಕಂಪ್ಯೂಟರಿನಲ್ಲಿ ಒಮ್ಮೆ ಟೈಪ್ ಮಾಡಿ ಹೆಸರು ಮಾತ್ರ ಬದಲಿಸಿದ್ದೆವು.

ಹಳದಿ ಚೀಟಿಯ ಬಗ್ಗೆಯೂ ಹೇಳಿ. ಅದರ ಮೇಲೆ ಬೇರೆ ಯಾವುದೋ ಊರಿನ ವಿಳಾಸ ಅಚ್ಚಾಗಿದೆ.

ಲಕೋಟೆ:

ಆ ಚೀಟಿ ಬಿಸಾಡಬೇಡಿ! ಅದು ಆ ಆಟಗಾರನ ಹೊಸ ವಿಳಾಸ. ಮನೆ ಬದಲಿಸಿದವರು ಅಂಚೆ ಕಚೇರಿಗೆ ತಿಳಿಸಿದ್ದರೆ ಮೊದಲ 12 ತಿಂಗಳು ಪತ್ರ ತಾನಾಗಿಯೇ ಹೊಸ ಮನೆಗೆ ಹೋಗುತ್ತದೆ. 13ರಿಂದ 18ನೇ ತಿಂಗಳವರೆಗೆ ಹೊಸ ವಿಳಾಸದ ಚೀಟಿ ಹಚ್ಚಿ ನಮಗೆ ವಾಪಸ್ ಕಳಿಸುತ್ತಾರೆ. ಆಮೇಲೆ ಸುಮ್ನೆ ವಾಪಸ್ ಬರುತ್ತದೆ, ವಿಳಾಸ ಇರುವುದಿಲ್ಲ. ನೀವು ಆ ಆರು ತಿಂಗಳೊಳಗೆ ಸಿಕ್ಕಿದ್ದೀರಿ. ಹೊಸ ಕವರಿನಲ್ಲಿ ಈಗಲೇ ಕಳಿಸಿ. ‘ರೆಫ್ಯೂಸ್ಡ್’, ಅಂದರೆ ತೆಗೆದುಕೊಳ್ಳಲು ಒಪ್ಪಲಿಲ್ಲ, ಎಂದು ಬಂದಿದ್ದರೆ ಮಾತ್ರ ಆ ಮನೆಗೆ ಮತ್ತೆ ಬರೆಯಬಾರದು. ಮತ್ತೆ, ಯಾರ ಮನೆ ವಿಳಾಸವನ್ನೂ ಇಲ್ಲಿ ಹಾಕಬೇಡಿ.

ಐದು ಕಾರ್ಡು ಜಾಸ್ತಿಯಾಯಿತು. ಮಾರಲು ಸಹಿ ಸಂಗ್ರಹಿಸುವವರು ಹಾಗೆ ಕಳಿಸುತ್ತಾರೆ, ಆಟಗಾರರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಒಂದು ಕಳಿಸಿ. ಇನ್ನೊಂದು ಸೇರಿಸಿದರೆ ‘ಇದನ್ನು ನೀವೇ ಇಟ್ಟುಕೊಳ್ಳಿ’ ಎಂದು ಬರೆಯಿರಿ.

ಪತ್ರವನ್ನು ಮಗನ ಕೈಯಲ್ಲೇ ಬರೆಸಿ. ಅರ್ಧ ಪುಟ ಸಾಕು, ಆದರೆ ಆ ಆಟಗಾರ ಆಡಿದ ಒಂದು ಆಟ ಅದರಲ್ಲಿರಲಿ. ನೀವು ಕ್ಲೀವ್‌ಲ್ಯಾಂಡಿನ ಬ್ರೌನ್ಸ್ ತಂಡದವರಿಗೆ ಬರೆಯುತ್ತಿದ್ದರೆ 1987ರ ಜನವರಿ 3ರ ಪಂದ್ಯ ಇದೆ. ನ್ಯೂಯಾರ್ಕ್ ಜೆಟ್ಸ್ ತಂಡದ ಮೇಲೆ ಎರಡು ಓವರ್‌ಟೈಮ್ ಆಡಿ 23-20ರಿಂದ ಗೆದ್ದರು, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಬರ್ನಿ ಕೋಸಾರ್ 489 ಗಜ ಎಸೆದಿದ್ದರು. ಎಂಟೇ ದಿನ ಬಿಟ್ಟು ಅದೇ ಮೈದಾನದಲ್ಲಿ ಡೆನ್ವರ್ ಕೈಲಿ ಅದೇ 23-20ಕ್ಕೆ ಸೋತರು. ಡೆನ್ವರ್ ಕ್ವಾರ್ಟರ್‌ಬ್ಯಾಕ್ ಎಲ್ವೇ 98 ಗಜ ಚೆಂಡು ಸಾಗಿಸಿದ ಆ ‘ಡ್ರೈವ್’ ಬಗ್ಗೆ ಬ್ರೌನ್ಸ್‌ನವರನ್ನು ಕೇಳಬೇಡಿ. ಜೀವಮಾನವಿಡೀ ಅದನ್ನೇ ಕೇಳಿಸಿಕೊಂಡಿದ್ದಾರೆ.

ಕ್ವಾರ್ಟರ್‌ಬ್ಯಾಕುಗಳಿಗೇ ಬರೆಯಬೇಡಿ. ಎದುರಾಳಿಯನ್ನು ತಡೆಯುವ ಮುಂದಿನ ಸಾಲಿನಲ್ಲಿ ಆಡಿದ ಗಾರ್ಡ್, ಟ್ಯಾಕಲ್, ಸೆಂಟರುಗಳಿಗೆ ಬರುವ ಪತ್ರ ಕಡಿಮೆ. ನನಗೆ ಅತಿ ಪ್ರೀತಿಯಿಂದ ಉತ್ತರಿಸಿದವರು ಅವರೇ.

ಸ್ಟೀಲ್_ಊರು:

ಐದು ತಿಂಗಳಿಗೆ ಬೇಜಾರಾಗಬೇಡಿ. ನನಗೆ ಒಂದು ಕಾರ್ಡು ಮೂರು ವರ್ಷದ ಮೇಲೆ ಬಂತು. ಕೆಲವರು ಬರೆಯುವ ಸ್ಥಿತಿಯಲ್ಲೇ ಇರುವುದಿಲ್ಲ. ನಮ್ಮ ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಸೆಂಟರ್ ಮೈಕ್ ವೆಬ್‌ಸ್ಟರ್ 2002ರಲ್ಲಿ ಐವತ್ತನೇ ವಯಸ್ಸಿಗೇ ತೀರಿಕೊಂಡರು. ತಲೆಗೆ ಬಿದ್ದ ಪೆಟ್ಟುಗಳಿಂದ ಬರುವ ಸಿಟಿಇ ಎಂಬ ಮಿದುಳಿನ ಕಾಯಿಲೆ ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಆಟಗಾರರ ಪೈಕಿ ಮೊದಲು ಪತ್ತೆಯಾದದ್ದು ಅವರ ಮಿದುಳಿನಲ್ಲಿ. ನಡುಗಿದ ಗೆರೆಯ ಸಹಿ ಬಂದರೆ ನನಗೆ ಅದೇ ನೆನಪಾಗುತ್ತದೆ. ಅಂಥದ್ದನ್ನು ನಾನು ‘ಚೆನ್ನಾಗಿಲ್ಲ’ ಎಂದು ಎತ್ತಿ ಪಕ್ಕಕ್ಕಿಡುವುದಿಲ್ಲ.

ನಡುಗಿದ ಸಹಿಗಿಂತ ಅತಿ ಅಚ್ಚುಕಟ್ಟಾದ ಸಹಿಯನ್ನು ಅನುಮಾನಿಸಬೇಕು. ಒಬ್ಬರದೇ ಎರಡು ಸಹಿ ಸಿಕ್ಕರೆ ಎರಡರ ಫೋಟೋ ಒಂದೇ ಅಳತೆಗೆ ಪ್ರಿಂಟ್ ತೆಗೆದು, ಒಂದರ ಮೇಲೊಂದು ಇಟ್ಟು ಕಿಟಕಿ ಬೆಳಕಿಗೆ ಹಿಡಿಯಿರಿ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಿದ್ದರೆ ಅದು ಸಹಿ ನಕಲು ಮಾಡುವ ಆಟೋಪೆನ್ ಮಷೀನಿನದು, ಇಲ್ಲವೇ ರಬ್ಬರ್ ಮುದ್ರೆ. ಮನುಷ್ಯನ ಕೈ ಎರಡು ಸಲ ಒಂದೇ ಥರ ಬರೆಯುವುದಿಲ್ಲ.

ಜಯನಗರ_4:

ನಾನು ಬೆಂಗಳೂರಿನಲ್ಲಿದ್ದೇನೆ. ಇಲ್ಲಿಂದ ನೇರವಾಗಿ ಕಳಿಸಿ ತರಿಸಿಕೊಳ್ಳಬಹುದಾ?

ಲಕೋಟೆ:

ಕಷ್ಟ. ವಾಪಸ್ ಬರುವ ಕವರಿಗೆ ಅಮೆರಿಕದ ಸ್ಟಾಂಪೇ ಬೇಕು. ಅದರ ಮೇಲೆ, 2018ರ ಜನವರಿಯಿಂದ ಅಮೆರಿಕದಿಂದ ಹೊರದೇಶಕ್ಕೆ ಹೋಗುವ ಸಾಧಾರಣ ಕವರಿನಲ್ಲಿ ಕಾಗದಪತ್ರ ಬಿಟ್ಟು ವಸ್ತು ಹಾಕುವಂತಿಲ್ಲ. ಅಮೆರಿಕದಲ್ಲಿ ನೆಂಟರಿದ್ದರೆ ಅವರ ವಿಳಾಸಕ್ಕೆ ತರಿಸಿಕೊಳ್ಳಿ, ಊರಿಗೆ ಬರುವಾಗ ತಂದುಕೊಡುತ್ತಾರೆ.

ಈರಿ_ದಂಡೆ:

ಏಳು ವಾರದ ಮೇಲೆ ಬರೆಯುತ್ತಿದ್ದೇನೆ. ಹೇಳಿದ ಹಾಗೇ ನಾಲ್ಕು ಕವರ್ ಮಾಡಿದೆವು, ತೂಕ 21 ಗ್ರಾಂ ಬಂತು. ಹಳದಿ ಚೀಟಿಯ ವಿಳಾಸಕ್ಕೆ ಹೋದದ್ದು ನಿನ್ನೆ ವಾಪಸ್ ಬಂದಿದೆ. ಅದೂ ಸ್ಟೇಡಿಯಂ ಕ್ಲಬ್ ಕಾರ್ಡೇ. ಪೌಡರ್ ಉಜ್ಜಿದ ಜಾಗದಲ್ಲಿ ನೀಲಿ ಗೆರೆ ಒಂದೇ ಸಮ ಕೂತಿದೆ, ಒಂದು ಹನಿಯೂ ಒಡೆದಿಲ್ಲ. ಕೊನೆಯ ಅಕ್ಷರದ ಬಾಲ ಮಾತ್ರ ಉಜ್ಜಿದ ಜಾಗ ದಾಟಿ ಹೋಗಿದೆ, ಅಲ್ಲಿ ಸ್ವಲ್ಪ ತೆಳ್ಳಗಾಗಿದೆ. ಇನ್ನು ಮೇಲೆ ಕಾರ್ಡು ಪೂರ್ತಿ ಉಜ್ಜುತ್ತೇವೆ.

ಅವರು ನಮ್ಮ ಸೀರಿಯಲ್ ಡಬ್ಬಿಯ ರಟ್ಟನ್ನೇ ಸುತ್ತಿ, ನಮ್ಮ ನೀಲಿ ಟೇಪನ್ನೇ ಮತ್ತೆ ಅಂಟಿಸಿ ಕಳಿಸಿದ್ದಾರೆ. ಟೇಪಿನ ತುದಿಯನ್ನು ಅವರೂ ಒಂದು ಚೂರು ಮಡಚಿ ಬಿಟ್ಟಿದ್ದರು. ಮಗ ಅದನ್ನು ಎಳೆಯಲು ಬಿಡಲಿಲ್ಲ. ಬದಿಯಿಂದ ಕಾರ್ಡು ಮಾತ್ರ ಜಾರಿಸಿ ತೆಗೆದ.